ಕ್ಯೂ ಕಾಯಲು ಬೇಜಾರಾಗಿ ಟ್ಯಾಂಕ್ ಆದೆ

ಟ್ಯಾಂಕ್ ಆಡಬೇಕು ಎಂಬ ಆಸೆ ನನಗೇನೂ ಇರಲಿಲ್ಲ. ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ ನಾನು ಬಿಲ್ಲುಗಾರ. ಹಿಂದೆ ನಿಂತು ಬಾಣ ಬಿಡುವುದು, ನೆಲದ ಮೇಲೆ ಕಿತ್ತಳೆ ಗುರುತು ಮೂಡಿದರೆ ಪಕ್ಕಕ್ಕೆ ಸರಿಯುವುದು, ಅಷ್ಟೇ ಕೆಲಸ. ತೊಂದರೆ ಇದ್ದದ್ದು ಕ್ಯೂನಲ್ಲಿ, ಅಂದರೆ ಜೊತೆಗಾರರು ಸಿಗುವ ತನಕ ಕಾಯುವ ಸರದಿಯಲ್ಲಿ. ಡಂಜನ್‌ಗೆ, ಅಂದರೆ ಶತ್ರುಗಳು ತುಂಬಿದ ಗುಹೆ ಕೋಟೆಗಳಿಗೆ, ನಾಲ್ಕು ಜನ ಬೇಕು. ಶತ್ರುಗಳ ಪೆಟ್ಟನ್ನು ತನ್ನ ಮೇಲೆ ಎಳೆದುಕೊಳ್ಳುವ ಒಬ್ಬ ಟ್ಯಾಂಕ್, ಗಾಯ ವಾಸಿ ಮಾಡುವ ಒಬ್ಬ ಹೀಲರ್, ಹೊಡೆಯುವ ಇಬ್ಬರು ಡಿಪಿಎಸ್. ಹೊಡೆಯುವವರಿಗೆ ಬರವಿಲ್ಲ, ಹೊಡೆಸಿಕೊಳ್ಳುವವರಿಗೇ ಬರ. ನಾನು ಗಡಿಯಾರ ನೋಡುತ್ತಾ ಕೂತಿರುತ್ತಿದ್ದೆ. ಟ್ಯಾಂಕ್ ಆಡುವ ಗೆಳೆಯನೊಬ್ಬ ಮಾತ್ರ ಬಟನ್ ಒತ್ತಿದ ಕೂಡಲೇ ಒಳಗೆ ಹೋಗಿಬಿಡುತ್ತಿದ್ದ.

ಈ ಬರ ಹೊಸದಲ್ಲ. ಯಾವ ರೋಲ್‌ಗೆ ಜನ ಕಡಿಮೆಯೋ ಅದಕ್ಕೆ ಕ್ಯೂ ಹಾಕಿದವರಿಗೆ ಜಾಸ್ತಿ ಬಹುಮಾನ ಕೊಡುವುದನ್ನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆಟ 2011ರಲ್ಲೇ ಶುರು ಮಾಡಿತ್ತು. ನಮ್ಮ ಆಟದಲ್ಲೂ ಅಂಥದ್ದೇ ಏರ್ಪಾಡು ಇದೆ. ಬಹುಮಾನ ಕೊಟ್ಟು ಕರೆದರೂ ಜನ ಬರಲ್ಲ ಅಂದರೆ ಏನೋ ಕಷ್ಟ ಇರಲೇಬೇಕು, ಅಲ್ವಾ? ಅದೇನು ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು.

ಗ್ಲಾಡಿಯೇಟರ್ ಆಗಿ ಶುರು ಮಾಡಿದೆ. ಕತ್ತಿ, ಗುರಾಣಿ. ಲೆವೆಲ್ 15ಕ್ಕೆ ಮೊದಲ ಡಂಜನ್ ಸಸ್ತಾಶಾ, ಕಡಲ್ಗಳ್ಳರ ಗುಹೆ. ಬಿಲ್ಲುಗಾರನಾಗಿ ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆ, ದಾರಿ ಗೊತ್ತು ಅಂದುಕೊಂಡಿದ್ದೆ. ಒಳಗೆ ಹೋಗಿ ನಿಂತೆ. ಉಳಿದ ಮೂವರೂ ನಿಂತರು. ಯಾರೂ ಅಲುಗಾಡಲಿಲ್ಲ. ಐದಾರು ಸೆಕೆಂಡ್ ಆದಮೇಲೆ ಹೊಳೆಯಿತು, ಇವರೆಲ್ಲ ನಾನು ಹೆಜ್ಜೆ ಹಾಕಲಿ ಅಂತ ಕಾಯುತ್ತಿದ್ದಾರೆ. ಇಷ್ಟು ದಿನ ನಾನು ಯಾರದೋ ಬೆನ್ನು ನೋಡಿಕೊಂಡು ನಡೆದಿದ್ದೆ. ದಾರಿ ಗೊತ್ತಿದ್ದದ್ದು ಆ ಬೆನ್ನಿನ ಯಜಮಾನನಿಗೆ.

ಗಾಬರಿಯಲ್ಲಿ ಓಡಿದೆ. ಎದುರು ಸಿಕ್ಕ ಗುಂಪಿನಲ್ಲಿ ಒಂದನ್ನು ಹಿಡಿದು ಹೊಡೆಯತೊಡಗಿದೆ. ಉಳಿದವು ನನ್ನನ್ನು ದಾಟಿ ಸೀದಾ ಹೀಲರ್ ಕಡೆ ಹೋದವು. ಹೀಲರ್ ಓಡಿದರು. ಅವರ ಹಿಂದೆ ಅವು, ಅವುಗಳ ಹಿಂದೆ ನಾನು. ಕತ್ತಿ ಬೀಸಲು ಹೋದರೆ ಪ್ರತಿ ಸಲವೂ ಗುರಿ ದೂರ ಇದೆ ಅನ್ನುವ ಕೆಂಪಕ್ಷರ. ಈ ಮೆರವಣಿಗೆ ನೋಡಿ ಡಿಪಿಎಸ್ ಒಬ್ಬರು ನಿಂತಲ್ಲೇ ನಗುವ ಎಮೋಟ್ ಹಾಕಿದರು. ಹೇಗೋ ಮುಗಿಯಿತು. ಆಮೇಲೆ ಹೀಲರ್ ಚಾಟ್‌ನಲ್ಲಿ ಒಂದೇ ಸಾಲು ಬರೆದರು: "ಸ್ಟಾನ್ಸ್ ಆನ್ ಮಾಡಿಕೊಳ್ಳಿ."

ಸ್ಟಾನ್ಸ್ ಅನ್ನುವುದು ಒಂದು ಬಟನ್, ಅಷ್ಟೇ. ಗ್ಲಾಡಿಯೇಟರ್‌ಗೆ ಲೆವೆಲ್ 10ರಲ್ಲೇ ಸಿಗುತ್ತದೆ, ಹೆಸರು ಐರನ್ ವಿಲ್. ಅದು ಪರದೆಯ ಬಟನ್ ಸಾಲಿನಲ್ಲಿ ಇತ್ತು. ನಾನು ಒತ್ತಿರಲಿಲ್ಲ. ಅದು ಏನು ಮಾಡುತ್ತದೆ ಅಂತ ಓದಿಯೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ವಿಷಯ ಹೀಗೆ. ಪ್ರತಿಯೊಂದು ಶತ್ರುವೂ ಒಂದೊಂದು ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತದೆ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಹೀಲ್ ಮಾಡಿದರು ಎಲ್ಲ ಅದರಲ್ಲಿ ಬರೆದಿರುತ್ತದೆ. ಯಾರ ಬಾಕಿ ಜಾಸ್ತಿಯೋ ಅವರ ಮೇಲೆ ಹೋಗುತ್ತದೆ. ಆಡುವವರು ಇದನ್ನೇ ಅಗ್ರೋ ಅನ್ನುತ್ತಾರೆ. ಸ್ಟಾನ್ಸ್ ಆನ್ ಇದ್ದರೆ ನನ್ನ ಒಂದೊಂದು ಏಟೂ ಆ ಪುಸ್ತಕದಲ್ಲಿ ಹಲವು ಪಟ್ಟು ಬರೆದುಕೊಳ್ಳುತ್ತದೆ. ಆದರೆ ಪುಸ್ತಕ ಒಂದೊಂದಕ್ಕೂ ಬೇರೆ ಬೇರೆ. ನಾನು ಒಂದಕ್ಕೆ ಹತ್ತು ಏಟು ಹೊಡೆದರೆ ಪಕ್ಕದ್ದಕ್ಕೆ ನಾನು ಯಾರೋ ಏನೋ. ಅದಕ್ಕೇ ಮೊದಲು ಸುತ್ತಲೂ ಬೀಸುವ ಏಟು ಹಾಕಬೇಕು. ಗ್ಲಾಡಿಯೇಟರ್‌ಗೆ ಅದು ಟೋಟಲ್ ಎಕ್ಲಿಪ್ಸ್. ಎರಡು ಸಲ ಬೀಸಿದರೆ ಗುಂಪು ನನ್ನದು.

ತಪ್ಪಿಸಿಕೊಂಡದ್ದನ್ನು ಎಳೆಯಲು ಪ್ರವೋಕ್ ಇದೆ. ಅದನ್ನು ಒತ್ತಿದರೆ ಆ ಶತ್ರುವಿನ ಪುಸ್ತಕದಲ್ಲಿ ನಾವೇ ಮೊದಲ ಸಾಲು. ದೂರದಲ್ಲಿದ್ದರೆ ಗುರಾಣಿ ಎಸೆಯುವ ಶೀಲ್ಡ್ ಲಾಬ್. ಇವೆರಡಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಪರದೆಯ ಮೇಲಿನ ಶತ್ರುಗಳ ಪಟ್ಟಿ. ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಗುರುತು ಇರುತ್ತದೆ. ಕೆಂಪಾದರೆ ಅದು ನನ್ನ ಮೇಲಿದೆ. ಹಸಿರಾದರೆ ಬೇರೆಯವರನ್ನು ಕಚ್ಚುತ್ತಿದೆ, ನನ್ನ ನೆನಪೇ ಅದಕ್ಕಿಲ್ಲ. ಹಳದಿ ನಡುವೆ. ಬಿಲ್ಲುಗಾರನಾಗಿದ್ದಾಗ ಆ ಪಟ್ಟಿಯನ್ನು ಅಡ್ಡ ಬರುತ್ತದೆ ಅಂತ ಮೂಲೆಗೆ ತಳ್ಳಿದ್ದೆ. ಈಗ ಅದನ್ನು ಪರದೆಯ ನಡುವಿಗೆ ಹತ್ತಿರ ತಂದು ದೊಡ್ಡದು ಮಾಡಿಕೊಂಡೆ. ಟ್ಯಾಂಕ್ ಕಲಿಯುವವರು ಮೊದಲ ದಿನವೇ ಇದನ್ನು ಮಾಡಲಿ.

ಇಷ್ಟು ಕಲಿಯಲು ವಾರ ಸಾಕಾಯಿತು. ಆಮೇಲಿನದ್ದಕ್ಕೆ ತಿಂಗಳುಗಳು ಹಿಡಿದವು. ಅದು ಸುಮ್ನೆ ನಿಲ್ಲುವುದು.

ನಾನು ನಿಲ್ಲುತ್ತಲೇ ಇರಲಿಲ್ಲ. ಬಿಲ್ಲುಗಾರನ ಕಾಲು ನನ್ನದು, ಒಂದು ಕಡೆ ಊರುತ್ತಿರಲಿಲ್ಲ. ಬಾಸ್ ಅಂದರೆ ಡಂಜನ್‌ನ ದೊಡ್ಡ ಶತ್ರು. ಅದರ ಎದುರು ಹೋಗಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಕುಣಿಯುತ್ತಿದ್ದೆ. ನಾನು ತಿರುಗಿದ ಹಾಗೆಲ್ಲ ಬಾಸ್ ಕೂಡ ತಿರುಗುತ್ತದಲ್ಲ? ಅದು ಮುಂದಕ್ಕೆ ಬೆಂಕಿ ಉಗುಳಿದರೆ ನನ್ನ ಜೊತೆ ಹಿಂದಿದ್ದವರೂ ಸುಟ್ಟುಹೋಗುತ್ತಿದ್ದರು. ಹತ್ತಿರದಿಂದ ಹೊಡೆಯುವವರ ಕಷ್ಟ ಇನ್ನೊಂದು. ಡ್ರಾಗೂನ್, ನಿಂಜಾಗಳ ಕೆಲವು ಏಟುಗಳಿಗೆ ಬೆನ್ನಿನ ಕಡೆಯಿಂದಲೋ ಪಕ್ಕದಿಂದಲೋ ಹೊಡೆದರೆ ಮಾತ್ರ ಪೂರ್ತಿ ಬಲ. ಅವರು ಬೆನ್ನು ಹುಡುಕಿಕೊಂಡು ಹೋಗಿ ನಿಲ್ಲುವಷ್ಟರಲ್ಲಿ ನಾನು ಬಾಸನ್ನು ತಿರುಗಿಸಿಬಿಟ್ಟಿರುತ್ತಿದ್ದೆ. ಒಬ್ಬ ನಿಂಜಾ ಕೊನೆಗೆ ಬರೆದರು: "ಅಣ್ಣಾ, ಅದಕ್ಕೆ ತಲೆ ತಿರುಗುತ್ತೆ, ಸ್ವಲ್ಪ ಬಿಡಿ."

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಬಾಸ್ ಕೋಣೆಗೆ ಹೋದ ಕೂಡಲೇ ಒಂದು ಜಾಗ ಆರಿಸುವುದು. ಓಡುತ್ತಾ ಹೋಗಿ ಬಾಸ್‌ಗೆ ಒಂದು ಏಟು ಹಾಕಿ, ಅದರ ಪಕ್ಕದಿಂದಲೇ ಆಚೆಗೆ ದಾಟಿ, ತಿರುಗಿ ನಿಲ್ಲುವುದು. ಬಾಸ್ ನನ್ನ ಕಡೆ ಮುಖ ಮಾಡಿದರೆ ಅದರ ಬೆನ್ನು ತಾನಾಗಿಯೇ ಉಳಿದ ಮೂವರ ಕಡೆ. ನೆಲದ ಗುರುತಿನಿಂದ ತಪ್ಪಿಸಿಕೊಳ್ಳಬೇಕಾದರೆ ಎರಡೇ ಹೆಜ್ಜೆ ಆಚೆ ಹೋಗಿ ಮತ್ತೆ ಅದೇ ಜಾಗಕ್ಕೆ ಬರುವುದು. ನೋಡಲು ಏನೂ ಮಾಡದ ಹಾಗೆ ಕಾಣುತ್ತದೆ. ಒಳ್ಳೆಯ ಟ್ಯಾಂಕ್ ಆಡುವಾಗ ಬಾಸ್ ಕಂಬದ ಹಾಗೆ ನಿಂತಿರುತ್ತದೆ. ಇಷ್ಟು ದಿನ ಅದು ಬಾಸ್‌ನ ಸ್ವಭಾವ ಅಂದುಕೊಂಡಿದ್ದೆ!

ಇನ್ನು ಕೂಲ್‌ಡೌನ್, ಒಮ್ಮೆ ಒತ್ತಿದರೆ ಮತ್ತೆ ಸಿಗಲು ಕಾಯಬೇಕಾದ ಬಟನ್‌ಗಳು. ಇಲ್ಲಿ ನನ್ನದು ಜಿಪುಣತನ. ರಾಂಪಾರ್ಟ್ ಒತ್ತಿದರೆ 20 ಸೆಕೆಂಡ್ ಕಾಲ ತಗಲುವ ಪೆಟ್ಟಿನಲ್ಲಿ 20 ಶೇಕಡಾ ಕಡಿಮೆ. ಮತ್ತೆ ಸಿಗಲು 90 ಸೆಕೆಂಡ್. ಮುಂದೆ ಎಲ್ಲಾದರೂ ಬೇಕಾಗಬಹುದು ಅಂತ ಇಟ್ಟುಕೊಂಡೇ ಇರುತ್ತಿದ್ದೆ. ಪ್ರಾಣ ಅರ್ಧಕ್ಕಿಂತ ಕೆಳಗೆ ಇಳಿದಾಗ ಹೆದರಿ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಿದ್ದೆ. ಎರಡೂ ತಪ್ಪು. ಒಟ್ಟಿಗೆ ಒತ್ತಿದರೆ ಲೆಕ್ಕ ಕೂಡುವುದಿಲ್ಲ, ಗುಣಿಸುತ್ತದೆ. 20 ಶೇಕಡಾ ತಗ್ಗಿಸುವುದೊಂದು, 30 ಶೇಕಡಾ ತಗ್ಗಿಸುವುದೊಂದು ಸೇರಿ 50 ಆಗಲ್ಲ. ನೂರರ ಪೆಟ್ಟು ಮೊದಲು 80, ಆಮೇಲೆ ಅದರಲ್ಲಿ 30 ಶೇಕಡಾ ಹೋಗಿ 56. ಅಂದರೆ ತಪ್ಪಿದ್ದು 44. ಅದೂ ಹೋಗಲಿ, ಮುಂದಿನ ಒಂದೂವರೆ ನಿಮಿಷ ಕೈ ಖಾಲಿ.

ಇದು ತಲೆಗೆ ಹೋದದ್ದು ಓದಿ ಅಲ್ಲ. ಎರಡು ವಾರ ಟ್ಯಾಂಕ್ ಬಿಟ್ಟು ಹೀಲರ್ ಆಡಿದೆ, ವೈಟ್ ಮೇಜ್. ಒಂದು ದಿನ ಒಬ್ಬ ಟ್ಯಾಂಕ್ ಎರಡು ಗುಂಪು ಒಟ್ಟಿಗೆ ಎಳೆದುಕೊಂಡು ಬಂದ. ನನ್ನ ಕಣ್ಣು ಅವನ ಪ್ರಾಣದ ಪಟ್ಟಿಯ ಮೇಲೆ. ಮುಕ್ಕಾಲು. ಕ್ಯೂರ್ 2 ಶುರು ಮಾಡಿದೆ, ಅದು ಮುಗಿಯಲು ಎರಡು ಸೆಕೆಂಡ್. ಅಷ್ಟರಲ್ಲಿ ಅರ್ಧ. ನನ್ನ ಹೀಲ್ ಬಿತ್ತು, ಮುಕ್ಕಾಲಿಗೆ ಏರಿತು, ಮರುಕ್ಷಣ ಮತ್ತೆ ಅರ್ಧಕ್ಕಿಂತ ಕೆಳಗೆ. ಅವನ ಹೆಸರಿನ ಪಕ್ಕ ನೋಡಿದೆ. ಸ್ಟಾನ್ಸ್ ಗುರುತು ಬಿಟ್ಟರೆ ಖಾಲಿ. ರಾಂಪಾರ್ಟ್ ಇಲ್ಲ, ಇನ್ನೊಂದಿಲ್ಲ. 'ಒತ್ತು ಮಾರಾಯ, ಏನಾದರೂ ಒತ್ತು' ಅಂತ ಪರದೆಗೆ ಜೋರಾಗಿ ಹೇಳಿದೆ. 15 ಶೇಕಡಾಕ್ಕೆ ಇಳಿದ ಮೇಲೆ ಒಟ್ಟಿಗೆ ಮೂರು ಗುರುತು ಮೂಡಿದವು. ಮೂಡಿದ ಕೂಡಲೇ ಅವನು ಸತ್ತ. ಅವನ ಜಾಗದಲ್ಲಿ ನನ್ನನ್ನೇ ನೋಡಿದ ಹಾಗಾಯಿತು.

ಹೀಲರ್‌ಗೆ ಬೇಕಾದದ್ದು ಕಡಿಮೆ ಪೆಟ್ಟು ಅಷ್ಟೇ ಅಲ್ಲ, ಒಂದೇ ಹದದ ಪೆಟ್ಟು. ಪ್ರಾಣ ನಿಧಾನವಾಗಿ ಇಳಿದರೆ ಅವರಿಗೆ ಲೆಕ್ಕ ಸಿಗುತ್ತದೆ, ನಡುವೆ ಬಿಡುವಿದ್ದಾಗ ಅವರೂ ಎರಡು ಏಟು ಹೊಡೆಯಬಹುದು. ಹಾಗಾಗಿ ಈಗ ನಾನು ಪ್ರಾಣ ಪೂರ್ತಿ ಇರುವಾಗಲೇ, ಶತ್ರುಗಳು ಸುತ್ತ ಸೇರುತ್ತಿದ್ದ ಹಾಗೆ ಮೊದಲನೆಯದನ್ನು ಒತ್ತುತ್ತೇನೆ. ಅದು ಮುಗಿಯುತ್ತಿದ್ದಂತೆ ಎರಡನೆಯದು. ಅದರ ಹಿಂದೆ ಮೂರನೆಯದು.

ಇದರಲ್ಲೂ ಒಂದು ಒಳಗುಟ್ಟು ಇದೆ. ಹೀಲರ್ ವೈಟ್ ಮೇಜ್ ಆಗಿದ್ದರೆ ಅವರ ಹೋಲಿ ಅನ್ನುವ ಮಂತ್ರ ಸುತ್ತಲಿನ ಶತ್ರುಗಳನ್ನು ಕೆಲವು ಸೆಕೆಂಡ್ ಮರಗಟ್ಟಿಸುತ್ತದೆ. ಮರಗಟ್ಟಿದ ಶತ್ರು ಹೊಡೆಯಲ್ಲ. ಅಂಥ ಹೊತ್ತಿನಲ್ಲಿ ರಾಂಪಾರ್ಟ್ ಖರ್ಚು ಮಾಡಿದರೆ ದಂಡ. ಆದರೆ ಪ್ರತಿ ಸಲವೂ ಮರಗಟ್ಟುವ ಹೊತ್ತು ಕಡಿಮೆಯಾಗುತ್ತಾ ಹೋಗಿ, ಮೂರು ಸಲದ ಮೇಲೆ ತಾಗುವುದೇ ಇಲ್ಲ. ನನ್ನ ದೊಡ್ಡ ಬಟನ್‌ಗೆ ಆಗ ಸಮಯ. ಇನ್ನೊಂದು ಆರ್ಮ್ಸ್ ಲೆಂಗ್ತ್. ನಮ್ಮನ್ನು ಯಾರೂ ಹಿಂದಕ್ಕೆ ತಳ್ಳದ ಹಾಗೆ ತಡೆಯುವುದಕ್ಕೆ ಮಾಡಿದ್ದು ಅದು. ಆದರೆ ಅದು ಇರುವಾಗ ನಮಗೆ ಹೊಡೆದ ಶತ್ರುವಿನ ಕೈ 15 ಸೆಕೆಂಡ್ ನಿಧಾನವಾಗುತ್ತದೆ. ಎಂಟು ಶತ್ರು ಸುತ್ತುವರಿದಾಗ ಇದು ಎಷ್ಟು ದೊಡ್ಡ ಲಾಭ ಅಂತ ನನಗೆ ಬಹಳ ತಡವಾಗಿ ತಿಳಿಯಿತು. ವಿವರಣೆಯಲ್ಲಿ ಬರೆದೇ ಇದೆ. ನಾನು ಮೊದಲ ಸಾಲು ಓದಿ ಬಿಟ್ಟಿದ್ದೆ.

ಎಷ್ಟು ಎಳೆಯಬೇಕು ಅನ್ನುವುದಕ್ಕೆ ಎಲ್ಲರೂ ಜಗಳ ಆಡುತ್ತಾರೆ. ನನ್ನ ಪದ್ಧತಿ ಸರಳ. ಮೊದಲ ಗುಂಪನ್ನು ಒಂದೇ ಎಳೆಯುತ್ತೇನೆ. ಹೀಲರ್ ಆರಾಮಾಗಿ ಇದ್ದಾರೆ ಅನಿಸಿದರೆ ಮುಂದಿನ ಸಲ ಎರಡು. ಯಾರಾದರೂ ಇದು ಮೊದಲ ಸಲ ಅಂದರೆ ಒಂದೇ. ಡಿಪಿಎಸ್‌ನವರು ಅವಸರಪಟ್ಟು ಮುಂದೆ ಓಡಿ ಇನ್ನೊಂದು ಗುಂಪು ತಂದರೆ ಸಿಟ್ಟು ಬರುತ್ತದೆ, ಆದರೂ ಹಿಡಿಯುತ್ತೇನೆ. ಸಾಯಲಿ ಅಂತ ಬಿಟ್ಟರೆ ಕೊನೆಗೆ ಕಷ್ಟಪಡುವುದು ಹೀಲರ್.

ನಡುವೆ ಗೆಳತಿಯೊಬ್ಬಳು ಓವರ್‌ವಾಚ್ ಎಂಬ ಶೂಟಿಂಗ್ ಆಟಕ್ಕೆ ಎಳೆದಳು. ಟ್ಯಾಂಕ್ ತಾನೇ, ನನಗೆ ಬರುತ್ತದೆ ಅಂತ ರೈನ್‌ಹಾರ್ಟ್ ಎಂಬ ಪಾತ್ರ ಹಿಡಿದೆ. ಗುರಾಣಿ ಎತ್ತಿ ಬೀದಿಯ ನಡುವೆ ಕಂಬದ ಹಾಗೆ ನಿಂತೆ. ಎದುರಿನವರು ಸುತ್ತು ಹಾಕಿಕೊಂಡು ಬಂದು ನನ್ನ ಹಿಂದಿದ್ದವರನ್ನು ಮುಗಿಸಿದರು. ಅಲ್ಲಿ ಲೆಕ್ಕದ ಪುಸ್ತಕ ಇಲ್ಲ. ಎದುರಿರುವುದು ಮನುಷ್ಯರು, ಅವರಿಗೆ ಯಾವ ಪ್ರವೋಕ್ ತಾಗುತ್ತದೆ? ಗುರಾಣಿ ಹಿಡಿದಷ್ಟು ಹೊತ್ತು ಸುತ್ತಿಗೆಯೂ ಬೀಸಲಾಗಲ್ಲ. "ನೀನು ಪೆಟ್ಟು ತಿನ್ನಬೇಡ, ಜಾಗ ಹಿಡಿ" ಅಂದಳು. ಮೂಲೆಯಿಂದ ಮೂಲೆಗೆ ಹೋಗಿ, ಅವರು ಹಿಂದೆ ಸರಿಯುವ ಹಾಗೆ ಮಾಡುವುದೇ ಅಲ್ಲಿಯ ಟ್ಯಾಂಕ್ ಕೆಲಸ. 2022ರಲ್ಲಿ ಓವರ್‌ವಾಚ್ 2 ಬಂದು ತಂಡಕ್ಕೆ ಒಬ್ಬನೇ ಟ್ಯಾಂಕ್ ಆದಮೇಲಂತೂ ತಪ್ಪು ಹಂಚಿಕೊಳ್ಳಲು ಜೊತೆಗಾರನೂ ಇಲ್ಲದಾದ. ನಾನು ಅಲ್ಲಿ ಹೆಚ್ಚು ದಿನ ಬಾಳಲಿಲ್ಲ.

ನಮ್ಮ ಆಟದ ಎಂಟು ಜನರ ಕಾಳಗದಲ್ಲಿ ಇಬ್ಬರು ಟ್ಯಾಂಕ್ ಇರುತ್ತಾರೆ. ಅಲ್ಲಿ ನನ್ನ ಮೊದಲ ಅನುಭವ ನಾಚಿಕೆಯದ್ದು. ಇಬ್ಬರೂ ಸ್ಟಾನ್ಸ್ ಆನ್ ಮಾಡಿಕೊಂಡಿದ್ದೆವು. ಬಾಸ್ ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ ತಿರುಗುತ್ತಾ, ಅದರ ಬೆಂಕಿ ಎಲ್ಲರಿಗೂ ಬೀಳುತ್ತಾ ಎರಡು ನಿಮಿಷದಲ್ಲಿ ವೈಪ್, ಎಲ್ಲರೂ ಸತ್ತೆವು. ಈಗ ಶುರುವಿಗೆ ಮೊದಲೇ "ನೀವು ಹಿಡಿಯುತ್ತೀರಾ, ನಾನು ಹಿಡಿಯಲಾ" ಅಂತ ಕೇಳಿಬಿಡುತ್ತೇನೆ. ದೊಡ್ಡ ಪೆಟ್ಟು ಬಿದ್ದವನ ಮೇಲೆ ಗುರುತು ಉಳಿದರೆ ಇನ್ನೊಬ್ಬ ಪ್ರವೋಕ್ ಒತ್ತಿ ಬಾಸನ್ನು ತೆಗೆದುಕೊಳ್ಳಬೇಕು. ಮೊದಲನೆಯವನು ಶರ್ಕ್ ಒತ್ತಿ ತನ್ನ ಲೆಕ್ಕದಲ್ಲಿ ಕಾಲು ಭಾಗವನ್ನು ಅವನಿಗೆ ದಾಟಿಸಬೇಕು. ಹೇಳಲು ಸುಲಭ. ಮೊದಲ ಸಲ ಸರಿಯಾಗಿ ಆದಾಗ ನನ್ನ ಅಂಗೈ ಒದ್ದೆಯಾಗಿತ್ತು.

ಹೊಸಬರು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ವಾರಿಯರ್ ಎಂಬ ಟ್ಯಾಂಕ್ ಅನ್ನುತ್ತೇನೆ, ನಾನೇ ಪ್ಯಾಲಡಿನ್ (ಗ್ಲಾಡಿಯೇಟರ್ ಬೆಳೆದರೆ ಆಗುವುದು) ಆಡಿದರೂ. ವಾರಿಯರ್ ತನ್ನನ್ನು ತಾನೇ ಹೀಲ್ ಮಾಡಿಕೊಳ್ಳುತ್ತದೆ, ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಜನರ ಜೊತೆ ಆಡಲು ಹೆದರಿಕೆ ಇದ್ದರೆ ಕಥೆಯ ಡಂಜನ್‌ಗಳನ್ನು ಆಟದ್ದೇ ಪಾತ್ರಗಳ ಜೊತೆ ಆಡಬಹುದು. ಅವು ಬೈಯುವುದಿಲ್ಲ. ದಾರಿ ಕಲಿಯಲು ಅಷ್ಟು ಸಾಕು.

ಮೊನ್ನೆ ಬಿಲ್ಲುಗಾರನನ್ನು ಮತ್ತೆ ಹೊರತೆಗೆದಿದ್ದೆ. ಕ್ಯೂ ಮೊದಲಿನಷ್ಟೇ ಉದ್ದ. ಸಿಕ್ಕಿದ್ದು ಸಸ್ತಾಶಾ. ಟ್ಯಾಂಕ್‌ನ ಹೆಸರಿನ ಪಕ್ಕ ಹೊಸಬರ ಹಸಿರು ಮೊಳಕೆಯ ಗುರುತು. ಬಾಗಿಲು ದಾಟಿ ಒಳಗೆ ಬಂದು ನಿಂತರು. ನಾವೂ ನಿಂತೆವು. ಸ್ಟಾನ್ಸ್ ಇರಲಿಲ್ಲ. ಚಾಟ್ ತೆರೆದು "ಸ್ಟಾನ್ಸ್" ಅಂತ ಅರ್ಧ ಟೈಪ್ ಮಾಡುವಷ್ಟರಲ್ಲಿ ಅವರ ಹೆಸರಿನ ಪಕ್ಕ ಆ ಪುಟ್ಟ ಗುರುತು ಮೂಡಿತು. ಬರೆದದ್ದನ್ನು ಅಳಿಸಿದೆ. ಅವರು ಒಂದು ಹೆಜ್ಜೆ ಇಟ್ಟು, ನಿಂತು, ಹಿಂದೆ ತಿರುಗಿ ನಮ್ಮನ್ನು ನೋಡಿ, ಮತ್ತೆ ಮುಂದೆ ನಡೆದರು.