ಹೋಟೆಲಿನವರು ಕಾರ್ಡಿನಲ್ಲಿ ಹಿಡಿದಿಟ್ಟ ಹಣ: ಸಿಕ್ಕಿಕೊಳ್ಳದಿರುವುದು ಹೇಗೆ?

ಬದಿಯಡ್ಕದ ನನ್ನ ಭಾವ ಕಳೆದ ವರ್ಷ ಮಗಳನ್ನು ನೋಡಲು ದುಬೈಗೆ ಹೋಗಿದ್ದರು. ಮಗಳದ್ದು ಒಂದೇ ಕೋಣೆಯ ಮನೆ, ಹಾಗಾಗಿ ಮೂರು ರಾತ್ರಿ ಹೋಟೆಲ್. ಹೊರಡುವ ದಿನ ಬಿಲ್ಲಿನ ಹಣವನ್ನು ನಗದಾಗಿ ಕೊಟ್ಟರು. ಅದೇ ಸಂಜೆ ಅಬುಧಾಬಿಯ ಇನ್ನೊಂದು ಹೋಟೆಲಿನಲ್ಲಿ ಅವರ ಕ್ರೆಡಿಟ್ ಕಾರ್ಡ್ ನಡೆಯಲಿಲ್ಲ. 'ಬಿಲ್ ಕೊಟ್ಟಾಯ್ತಲ್ಲ, ಲಿಮಿಟ್ ಎಲ್ಲಿ ಹೋಯ್ತು ಮಾರಾಯ?' ಎಂದು ನನಗೆ ಫೋನ್ ಮಾಡಿದರು. ಕುಂಬಳೆ, ಉಪ್ಪಳದ ಕಡೆ ಗಲ್ಫಿಗೆ ಹೋಗಿ ಬರುವವರು ಇದೇ ತಪ್ಪು ಮಾಡುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಲಿಮಿಟ್ ತಿಂದದ್ದು ಮೊದಲ ಹೋಟೆಲಿನವರು ಕಾರ್ಡಿನಲ್ಲಿ ಹಾಕಿದ್ದ ಹೋಲ್ಡ್. ಹೋಲ್ಡ್ ಅಂದರೆ ಏನು ಎಂದು ಮೊದಲು ತಿಳಿಯೋಣ. ನೀವು ಒಪ್ಪಿದ ಸೀರೆಯನ್ನು ಅಂಗಡಿಯವರು ಬದಿಗೆ ಎತ್ತಿಡುತ್ತಾರಲ್ಲ, ಹಾಗೆಯೇ ಇದು. ಮಾರಾಟ ಆಗಿಲ್ಲ, ಆದರೆ ಬೇರೆಯವರಿಗೂ ಕೊಡುವಂತಿಲ್ಲ. ಹೋಟೆಲಿನವರು ಕೋಣೆ ಬಾಡಿಗೆ ಮತ್ತು ಮೇಲುಖರ್ಚಿಗೆಂದು ಒಂದು ಮೊತ್ತವನ್ನು ನಿಮ್ಮ ಲಿಮಿಟ್‌ನಲ್ಲಿ ಹಿಡಿದಿಡುತ್ತಾರೆ. ಹಣ ಅವರ ಕೈಗೆ ಹೋಗಿರುವುದಿಲ್ಲ, ಬಡ್ಡಿಯೂ ಬೀಳುವುದಿಲ್ಲ. ಆದರೆ ಅಷ್ಟು ಲಿಮಿಟ್ ನಿಮಗೆ ಸಿಗುವುದಿಲ್ಲ. ಕಂಪನಿಯ ಹೊಸ ಶೇರಿಗೆ (ಐಪಿಒ) ಅರ್ಜಿ ಹಾಕಿದಾಗ ಖಾತೆಯಲ್ಲಿ ಹಣ ಬ್ಲಾಕ್ ಆಗುವುದೂ ಇದೇ ರೀತಿ.

ಬುಕ್ ಮಾಡುವ ಮುಂಚೆ ಹೋಟೆಲಿಗೆ ಒಂದು ಇಮೇಲ್ ಹಾಕಿ. ಡಿಪಾಸಿಟ್, ಅಂದರೆ ಹೀಗೆ ಹಿಡಿದಿಡುವ ಮೊತ್ತ, ಎಷ್ಟು, ಇಡೀ ವಾಸಕ್ಕೋ ದಿನಕ್ಕೋ ಎಂದು ಕೇಳಿ. ಬಾಡಿಗೆ ಮೊದಲೇ ಕಟ್ಟಿದ್ದರೂ ಮೇಲುಖರ್ಚಿನ ಡಿಪಾಸಿಟ್ ಬೇರೆ ಇರಬಹುದು. ಬುಕಿಂಗ್ ಪುಟ ಅರ್ಧದಲ್ಲಿ ನಿಂತರೆ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಎರಡು ಸಲ ಒತ್ತಿದರೆ ಎರಡು ಹೋಲ್ಡ್ ಬೀಳಬಹುದು. ಮೊದಲು ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ.

ಮನೆಯಿಂದ ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಆನ್ ಮಾಡಿ. 2020ರಲ್ಲಿ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್ ನಮ್ಮ ದೇಶದ ಎಟಿಎಂ ಮತ್ತು ಸ್ವೈಪ್ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಉಳಿದದ್ದನ್ನು ನಾವೇ ತೆರೆಯಬೇಕು.

ರಿಸೆಪ್ಷನ್‌ನಲ್ಲಿ ಡೆಬಿಟ್ ಕಾರ್ಡನ್ನು ಹೊರಗೆ ತೆಗೆಯಲೇಬೇಡಿ. ಡೆಬಿಟ್ ಕಾರ್ಡಿನಲ್ಲಿ ಹೋಲ್ಡ್ ಬಿದ್ದರೆ ಸಿಕ್ಕಿಕೊಳ್ಳುವುದು ನಿಮ್ಮದೇ ಹಣ. ಅಡಿಕೆ ಮಾರಿ ಖಾತೆಗೆ ಹಾಕಿದ ದುಡ್ಡು ಪರ ಊರಿನಲ್ಲಿ ಬೇಕಾದಾಗ ಕೈಗೆ ಬಾರದಿದ್ದರೆ ಹೇಗಿರುತ್ತದೆ, ಯೋಚಿಸಿ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಫಾರೆಕ್ಸ್ ಕಾರ್ಡ್ ಕೂಡ ಡಿಪಾಸಿಟ್‌ಗೆ ಬೇಡ. ಅದು ಊಟ, ಟ್ಯಾಕ್ಸಿಗೆ ಒಳ್ಳೆಯದು. ಅದರಲ್ಲೂ ನೀವು ತುಂಬಿಸಿದ ಹಣವೇ ಸಿಕ್ಕಿಕೊಳ್ಳುತ್ತದೆ, ಬಿಡುಗಡೆಗೆ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಗಲ್ಫಿನ ನೆಂಟರ ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿ ತೋರಿಸುವ ಉಪಾಯವೂ ಬೇಡ. ಹೋಟೆಲಿನವರು ಕಾರ್ಡನ್ನೇ ಕೇಳುತ್ತಾರೆ, ಫೋಟೋ ಮಾತ್ರ ಎಲ್ಲೆಲ್ಲಿಗೋ ಹೋಗುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಚೆಕ್‌ಔಟ್.

ಭಾವನ ಲೆಕ್ಕವನ್ನೇ ನೋಡಿ. ಲಿಮಿಟ್ 60,000 ರೂಪಾಯಿ. ವಿಮಾನದ ಟಿಕೆಟಿಗೆ 22,000 ಹೋಗಿತ್ತು. ಉಳಿದ 38,000ದಲ್ಲಿ ಹೋಟೆಲಿನವರು 34,000 ಹಿಡಿದಿಟ್ಟರು. ಬಿಲ್ ಬಂದದ್ದು 26,000. ಅದೇ ಕಾರ್ಡಿನಲ್ಲಿ ಕಟ್ಟಿದ್ದರೆ ಹೋಟೆಲಿನವರು ಹಿಡಿದಿಟ್ಟ ಹಣದಿಂದಲೇ 26,000 ತೆಗೆದುಕೊಂಡು ಉಳಿದ 8,000 ಬಿಡುತ್ತಿದ್ದರು. ನಗದು ಕೊಟ್ಟದ್ದರಿಂದ ಕೈಯಿಂದ 26,000 ಹೋಯಿತು, ಕಾರ್ಡಿನಲ್ಲಿ 34,000 ಹಾಗೇ ಕೂತಿತು. ನಗದು ಕೊಟ್ಟದ್ದು ಬ್ಯಾಂಕಿಗೆ ಗೊತ್ತಾಗುವುದೇ ಇಲ್ಲ, ಅಲ್ವಾ? ಹೋಟೆಲಿನವರು ಹೋಲ್ಡ್ ರದ್ದು ಮಾಡಬೇಕು, ಇಲ್ಲವೇ ಅದರ ಅವಧಿ ಮುಗಿಯಬೇಕು.

ಆದ್ದರಿಂದ ಹೋಲ್ಡ್ ಬಿದ್ದ ಕಾರ್ಡಿನಲ್ಲೇ ಬಿಲ್ ಕಟ್ಟಿ. ಕಟ್ಟುವಾಗ ಬಾಯಿಬಿಟ್ಟು ಹೇಳಿ: 'ಮೊದಲಿನ ಹೋಲ್ಡ್‌ನಲ್ಲೇ ಕ್ಲೋಸ್ ಮಾಡಿ, ಹೊಸ ಸ್ವೈಪ್ ಬೇಡ.' ಅವಸರದಲ್ಲಿ ಅವರು ಹೊಸದಾಗಿ ಸ್ವೈಪ್ ಮಾಡಿದರೆ ಹೋಲ್ಡ್ ಬೇರೆ, ಬಿಲ್ ಬೇರೆ ಆಗಿ ಎರಡೂ ಲಿಮಿಟ್ ತಿನ್ನುತ್ತವೆ. ನಗದೇ ಕೊಡಬೇಕಿದ್ದರೆ ಹೋಲ್ಡ್ ರದ್ದು ಮಾಡಿದ ಸ್ಲಿಪ್ ಪಡೆಯದೆ ಕೌಂಟರ್ ಬಿಡಬೇಡಿ. ಚೆಕ್‌ಇನ್ ಸ್ಲಿಪ್‌ನಲ್ಲಿ ಅಪ್ರೂವಲ್ ಕೋಡ್ ಎಂಬ ಚಿಕ್ಕ ಸಂಖ್ಯೆ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ರದ್ದು ಮಾಡಿದ ತಕ್ಷಣ ಲಿಮಿಟ್ ವಾಪಸ್ ಬರುವುದಿಲ್ಲ. ಬ್ಯಾಂಕಿಗೆ ತಕ್ಕಂತೆ ಕೆಲವು ದಿನ ಬೇಕು. ಹಾಗಾಗಿ ಎರಡು ಹೋಟೆಲ್ ಇದ್ದರೆ ಎರಡು ಕ್ರೆಡಿಟ್ ಕಾರ್ಡ್ ಒಯ್ಯಿರಿ ಎಂಬುದು ನನ್ನ ಖಡಾಖಂಡಿತ ಸಲಹೆ.

ಬಾಡಿಗೆ ಕಾರಿನ ಡಿಪಾಸಿಟ್ ಇನ್ನೂ ಜಾಸ್ತಿ ದಿನ ನಿಲ್ಲುತ್ತದೆ. ದುಬೈಯಲ್ಲಿ ಸಾಲಿಕ್ ಟೋಲ್, ಟ್ರಾಫಿಕ್ ದಂಡದ ಲೆಕ್ಕ ತಡವಾಗಿ ಬರುವುದೇ ಕಾರಣ. ಕಾರಿಗೆ ಕೊಟ್ಟ ಕಾರ್ಡನ್ನು ಆ ಪ್ರವಾಸದಲ್ಲಿ ಬೇರೆ ಯಾವುದಕ್ಕೂ ನಂಬಬೇಡಿ.

ಊರಿಗೆ ಬಂದು ವಾರ ಕಳೆದರೂ ಹೋಲ್ಡ್ ಬಿಡದಿದ್ದರೆ ಮೊದಲು ಹೋಟೆಲಿಗೆ ಬರೆದು, ರದ್ದು ಮಾಡಿದ ಪತ್ರ ತರಿಸಿ. ಆಮೇಲೆ ಆ ಪತ್ರ ಮತ್ತು ಅಪ್ರೂವಲ್ ಕೋಡ್ ಹಿಡಿದು ಬ್ಯಾಂಕಿಗೆ ಫೋನ್ ಮಾಡಿ. ಕೋಡ್ ಇಲ್ಲದೆ ಮಾಡಿದರೆ 'ಹೋಟೆಲಿನವರನ್ನೇ ಕೇಳಿ' ಎಂದು ತಿರುಗಿಸುತ್ತಾರೆ. ಭಾವನಿಗೆ ಆದದ್ದೂ ಅದೇ. ಅವರ ಲಿಮಿಟ್ ವಾಪಸ್ ಬಂದದ್ದು ಹನ್ನೊಂದನೇ ದಿನ.