ಮೇನ್ ಬ್ಯಾಂಡಿಗಿಂತ ಮೊದಲು ಹಾಡುವವರು

ನಾನು ಟೊರೊಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದ ಹೊಸತರಲ್ಲಿ ಕೆನಡಾದ ಸಂಗೀತ ಅಂದ್ರೆ ಮೂರ್ನಾಲ್ಕು ದೊಡ್ಡ ಹೆಸರು, ಅಷ್ಟೇ. ಅವೂ ಊರಲ್ಲಿದ್ದಾಗಲೇ ಗೊತ್ತಿದ್ದ ಹೆಸರುಗಳು. ಹೊಸಬರನ್ನು ಹುಡುಕುವ ಚಟ ಹತ್ತಿದ್ದು ಕಾರಿನ ರೇಡಿಯೊದಿಂದ.

ರಾತ್ರಿ ಪಾಳಿ ಮುಗಿಸಿ ಬರುವಾಗ ಸುಮ್ನೆ ತಿರುಗಿಸುತ್ತಿದ್ದೆ. 89.5ರಲ್ಲಿ ಕೈ ನಿಂತಿತು. ಅದು ಟೊರೊಂಟೊ ವಿಶ್ವವಿದ್ಯಾಲಯದ ರೇಡಿಯೊ, ಸಿಐಯುಟಿ. ಇಲ್ಲಿನ ರೇಡಿಯೊಗಳಿಗೆ 1971ರಿಂದ ಒಂದು ಕಟ್ಟಳೆ ಇದೆ. ಹಾಕುವ ಹಾಡುಗಳಲ್ಲಿ ಒಂದು ಪಾಲು ಕೆನಡಾದ್ದೇ ಆಗಿರಬೇಕು. ಮೊದಲು ನೂರಕ್ಕೆ 30 ಇತ್ತು, ಆಮೇಲೆ 35 ಆಯಿತು. ಜಾಹೀರಾತಿನ ಮೇಲೆ ನಡೆಯುವ ಸ್ಟೇಷನ್‌ಗಳಲ್ಲಿ ನನಗೆ ಕೇಳಿಸುತ್ತಿದ್ದದ್ದು ಹೆಚ್ಚಾಗಿ ಗೊತ್ತಿರುವ ಹಳೆಯ ಹಿಟ್‌ಗಳೇ. ಕಾಲೇಜು ರೇಡಿಯೊದ ದಾರಿಯೇ ಬೇರೆ. ಅಲ್ಲಿ ಕಾರ್ಯಕ್ರಮ ನಡೆಸುವವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ, ಪ್ರೀತಿಗೆ ಬಂದು ಕೂರುವವರು. ಹಾಡು ಮುಗಿದ ಮೇಲೆ ಹಾಡಿದವರ ಹೆಸರು, ಊರು ಎರಡನ್ನೂ ಹೇಳುತ್ತಾರೆ. ಸಿಗ್ನಲ್‌ನಲ್ಲಿ ನಿಂತಾಗ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಯ ರಸೀದಿಯ ಹಿಂದೆ ಬರೆದುಕೊಳ್ಳುತ್ತಿದ್ದೆ. ಮನೆಗೆ ಬಂದು, ಹಾಡುಗಾರರೇ ತಮ್ಮ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹುಡುಕುವುದು. ಅಲ್ಲಿ ಊರಿನ ಹೆಸರು ಹಿಡಿದೂ ಹುಡುಕಬಹುದು. ಹ್ಯಾಲಿಫ್ಯಾಕ್ಸ್, ವಿನಿಪೆಗ್ ಅಂತ ಒಂದೊಂದು ವಾರ ಒಂದೊಂದು ಊರು.

ಎರಡನೆಯದು ಪೊಲಾರಿಸ್ ಪ್ರಶಸ್ತಿಯ ಪಟ್ಟಿ. ಕೆನಡಾದ ಆಲ್ಬಂಗಳಿಗೆ ಕೊಡುವ, 2006ರಲ್ಲಿ ಶುರುವಾದ ಪ್ರಶಸ್ತಿ ಇದು. ಎಷ್ಟು ಮಾರಾಟವಾಯಿತು, ಯಾವ ಬಗೆಯ ಸಂಗೀತ ಅಂತ ನೋಡುವುದಿಲ್ಲ, ಆಲ್ಬಂ ಚೆನ್ನಾಗಿದೆಯಾ ಅನ್ನುವುದೊಂದೇ ಲೆಕ್ಕ. ಮೊದಲ ಪಟ್ಟಿಯಲ್ಲಿ 40 ಆಲ್ಬಂ ಇರುತ್ತವೆ. ಗೊತ್ತಿರುವ ಹೆಸರುಗಳನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ದಿನಕ್ಕೊಂದರಂತೆ ಅಡುಗೆ ಮಾಡುವಾಗ ಕೇಳುತ್ತೇನೆ.

2018ರಲ್ಲಿ ಹಾಗೆ ಸಿಕ್ಕವರು ಜೆರೆಮಿ ಡಚರ್. ನ್ಯೂ ಬ್ರನ್ಸ್‌ವಿಕ್‌ನ ಟೊಬೀಕ್ ಮೂಲನಿವಾಸಿ ಸಮುದಾಯದವರು, ಒಪೆರಾ ಕಲಿತ ಗಂಟಲು. ಅದು ಅವರ ಮೊದಲ ಆಲ್ಬಂ. ನಾನು ರೊಟ್ಟಿ ತಟ್ಟುತ್ತಿದ್ದೆ. ಪಿಯಾನೊ ನಡುವೆ ಇದ್ದಕ್ಕಿದ್ದಂತೆ ಒಬ್ಬ ಮುದುಕರ ದನಿ ಬಂತು. ಕರಕರ ಸದ್ದಿನ ಹಿಂದಿನಿಂದ, ಬಹಳ ದೂರದಿಂದ ಬಂದ ಹಾಗೆ. ಅದರ ಮೇಲೆ ಡಚರ್ ದನಿ ನಿಧಾನಕ್ಕೆ ಏರಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆಮೇಲೆ ಓದಿ ತಿಳಿದೆ, ಅದು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಮೇಣದ ಸಿಲಿಂಡರ್ ಮೇಲೆ ಹಿಡಿದಿಟ್ಟ ದನಿ. ಡಚರ್ ಅಂಥ ಹಾಡುಗಳನ್ನು ವಸ್ತುಸಂಗ್ರಹಾಲಯದಲ್ಲಿ ಕೂತು ಕೇಳಿ ಬರೆದುಕೊಂಡಿದ್ದರು. ಅವರು ಹಾಡುವ ವೊಲಾಸ್ಟೊಕೆ ಭಾಷೆಯನ್ನು ಚೆನ್ನಾಗಿ ಆಡುವವರು ಈಗ ಕೆಲವೇ ಹಿರಿಯರು.

ಅವ್ವನಿಗೆ ಫೋನ್‌ನಲ್ಲಿ ಕೇಳಿಸಿದೆ. "ಯಾವ ಊರಿನ ಮುದುಕಪ್ಪೋ, ದನಿ ಚಲೋ ಐತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಯಿ ಬೀಸುವಾಗ ಹಾಡ್ತಿದ್ದಳಲ್ಲ, ಯಾರೂ ಹಿಡಿದಿಡಲಿಲ್ಲ ನೋಡು" ಅಂದಳು. ಆ ವರ್ಷ ಪ್ರಶಸ್ತಿ ಡಚರ್‌ಗೇ ಬಂತು. 2024ರಲ್ಲಿ ಮತ್ತೊಮ್ಮೆ ಬಂತು, ಎರಡು ಸಲ ಗೆದ್ದವರಲ್ಲಿ ಅವರೇ ಮೊದಲಿಗರು. 2019ರಲ್ಲಿ ಗೆದ್ದ ರ್‍ಯಾಪರ್ ಹವಾಯಾ ಮೈಟಿ ಬೆಳೆದದ್ದು ನಮ್ಮ ಬ್ರಾಂಪ್ಟನ್‌ನಲ್ಲೇ. ನಮ್ಮೂರಿನ ಆ ಹೆಸರೂ ನನಗೆ ಪಟ್ಟಿಯಿಂದಲೇ ಗೊತ್ತಾಗಬೇಕಾಯಿತು.

ಇಷ್ಟಾದರೂ ಎದುರಿಗೆ ನಿಂತು ಕೇಳುವುದಕ್ಕೆ ಸಮ ಯಾವುದೂ ಇಲ್ಲ. ಟೊರೊಂಟೊದ ಕ್ವೀನ್ ಸ್ಟ್ರೀಟ್‌ನಲ್ಲಿ ಹಾರ್ಸ್‌ಶೂ ಟ್ಯಾವರ್ನ್ ಅನ್ನುವ ಬಾರ್ ಇದೆ, 1947ರಿಂದ. ನಾನು ಹೋಗತೊಡಗಿದಾಗ ಅಲ್ಲಿ ಮಂಗಳವಾರ ರಾತ್ರಿ ಹೊಸ ಬ್ಯಾಂಡ್‌ಗಳದ್ದು, ಟಿಕೆಟ್ ಇರುತ್ತಿರಲಿಲ್ಲ. ಜಾಝ್ ಬೇಕಾದರೆ ಅದೇ ರಸ್ತೆಯ ರೆಕ್ಸ್ ಬಾರ್. ಎಲ್ಲಿ ಹೋದರೂ ನನ್ನದು ಒಂದೇ ಹಟ: ಬೇಗ ಹೋಗಬೇಕು. ಮೇನ್ ಬ್ಯಾಂಡಿಗೆ ಮೊದಲು ಅರ್ಧ ಗಂಟೆ ಯಾರೋ ಹಾಡುತ್ತಾರಲ್ವಾ, ಅವರಿಗಾಗಿಯೇ ಹೋಗಬೇಕು. ಎಷ್ಟೋ ಸಲ ಅವರನ್ನು ಮೇನ್ ಬ್ಯಾಂಡಿನವರೇ ಆರಿಸಿ ಕರೆತಂದಿರುತ್ತಾರೆ. ಒಮ್ಮೆ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಯಿತು. ಒಳಗೆ ಹೋದಾಗ ಒಬ್ಬ ಹುಡುಗಿ ಬ್ಯಾಂಜೊ ಪೆಟ್ಟಿಗೆ ಮುಚ್ಚುತ್ತಿದ್ದಳು. ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳ ಹೆಸರೂ ನನಗೆ ಸಿಗಲಿಲ್ಲ. ಅದು ಈಗಲೂ ಕೊರೆಯುತ್ತದೆ.

ಬೇಸಿಗೆಯಲ್ಲಿ ಗ್ವೆಲ್ಫ್‌ನ ಹಿಲ್‌ಸೈಡ್ ಸಂಗೀತ ಹಬ್ಬ. ಅಲ್ಲಿ ವರ್ಕ್‌ಶಾಪ್ ಅಂತ ಮಾಡುತ್ತಾರೆ, ಅಂದ್ರೆ ಪಾಠವಲ್ಲ. ಬೇರೆ ಬೇರೆ ತಂಡದವರನ್ನು ಒಂದೇ ವೇದಿಕೆಗೆ ಹತ್ತಿಸಿಬಿಡುತ್ತಾರೆ. ನಮ್ಮ ಜುಗಲ್‌ಬಂದಿ ಇದ್ದ ಹಾಗೆ, ಆದರೆ ಒಬ್ಬರಿಗೊಬ್ಬರ ಹಾಡು ಗೊತ್ತಿರುವುದಿಲ್ಲ. ಒಬ್ಬರನ್ನು ಕೇಳಲು ಹೋಗಿ ಮೂವರನ್ನು ಹಿಡಿದು ಬರಬಹುದು.

ಕಾರ್ಯಕ್ರಮ ಮುಗಿದ ಮೇಲೆ ಸಿಡಿ, ಟೀ ಶರ್ಟ್ ಇಟ್ಟ ಮೇಜಿನ ಹತ್ತಿರ ತಪ್ಪದೆ ಹೋಗುತ್ತೇನೆ. ಸಾಮಾನ್ಯವಾಗಿ ಹಾಡಿದವರೇ ಅಲ್ಲಿ ನಿಂತಿರುತ್ತಾರೆ. ಏನಾದರೂ ಒಂದು ಕೊಳ್ಳುತ್ತೇನೆ, ಆಮೇಲೆ ಕೇಳುತ್ತೇನೆ: "ಈಗ ನೀವು ಯಾರನ್ನು ಕೇಳ್ತಾ ಇದ್ದೀರಿ?" ಅವರ ಮುಖ ಅರಳುತ್ತದೆ. ತಮ್ಮ ಬಗ್ಗೆ ಮಾತಾಡಲು ಸಂಕೋಚಪಡುವವರೂ ಗೆಳೆಯರ ಬಗ್ಗೆ ಹತ್ತು ನಿಮಿಷ ಹೇಳುತ್ತಾರೆ. ಕಳೆದ ವಾರ ಒಬ್ಬ ಡ್ರಮ್ಮರ್ ನನ್ನ ರಸೀದಿ ಇಸಿದುಕೊಂಡು ಮೂರು ಹೆಸರು ಬರೆದುಕೊಟ್ಟ. ಎರಡು ಕೇಳಿ ಆಯಿತು. ಮೂರನೆಯವರು ಮಾಂಟ್ರಿಯಲ್‌ನವರು, ಹಾಡೆಲ್ಲ ಫ್ರೆಂಚ್. ನಾಳೆ ಕೆಲಸಕ್ಕೆ ಹೋಗುವಾಗ ಹಾಕಬೇಕು.