ಹೈಸ್ಕೂಲಿನಲ್ಲಿ ಇಪ್ಪತ್ತನೇ ಶತಮಾನದ ವಿಶ್ವ ಇತಿಹಾಸ: ಮೇಲ್ಮಟ್ಟದ ಕೋರ್ಸ್ ಶುರುಮಾಡುವ ಬಗೆ

ಈ ಕೋರ್ಸ್ ದಾರಿ ತಪ್ಪುವುದು ಹೆಚ್ಚಾಗಿ ಪಾಠಪಟ್ಟಿಯ ಉದ್ದದಿಂದ. 1900ರಿಂದ 2000ದವರೆಗೆ ಎಲ್ಲವನ್ನೂ ಮುಟ್ಟುತ್ತೇವೆಂದು ಹೊರಟವರು ವರ್ಷ ಮುಗಿಯುವಾಗ 1945ರಲ್ಲಿ ನಿಂತಿರುತ್ತಾರೆ. ಮಕ್ಕಳಿಗೆ ಇಸವಿಗಳು ಬಾಯಿಪಾಠವಾಗಿರುತ್ತವೆ, ವಾದ ಕಟ್ಟಲು ಬರುವುದಿಲ್ಲ. ದಾಖಲೆ ಓದುವುದು, ಅದನ್ನು ತೂಗಿ ನೋಡುವುದು, ಅದರ ಆಧಾರದ ಮೇಲೆ ತನ್ನದೇ ಉತ್ತರ ಬರೆಯುವುದು ಇವಿಷ್ಟಕ್ಕೆ ಸಮಯ ಸಿಗದಿದ್ದರೆ ಅದು ಮಾಮೂಲಿ ತರಗತಿಯೇ, ಪುಸ್ತಕ ಮಾತ್ರ ದಪ್ಪ. ಹಾಗಾಗಿ ಏನನ್ನು ಕಲಿಸಬೇಕು ಎನ್ನುವುದಕ್ಕಿಂತ ಮುಂಚೆ ಏನನ್ನು ಬಿಡಬೇಕು ಎಂದು ಕೂತು ತೀರ್ಮಾನಿಸಿ.

ಪಿರಿಯಡ್ ಲೆಕ್ಕ

ವರ್ಷಕ್ಕೆ 36 ವಾರ, ವಾರಕ್ಕೆ 4 ಪಿರಿಯಡ್ ಎಂದಿಟ್ಟುಕೊಂಡರೆ 144 ಆಗುತ್ತದೆ. ಪರೀಕ್ಷೆ, ರಜೆ, ಶಾಲೆಯ ಕಾರ್ಯಕ್ರಮ ಎಂದು 24 ಕಳೆಯಿರಿ. ಉಳಿದ 120ರಲ್ಲಿ ಆರು ಘಟಕಗಳಿಗೆ ತಲಾ 16, ಮಿಕ್ಕ 24 ಪೂರ್ತಿ ಬರವಣಿಗೆಗೆ. ಈ 24ನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಪಾಠ ಹಿಂದೆ ಬಿದ್ದಾಗ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ.

ಆರು ಘಟಕಗಳು ಹೀಗಿರಬಹುದು: 1914ರಿಂದ 1919ರವರೆಗಿನ ಯುದ್ಧ ಮತ್ತು ಒಪ್ಪಂದ; ರಷ್ಯಾ ಹಾಗೂ ಚೀನಾದ ಕ್ರಾಂತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು; ಆರ್ಥಿಕ ಮಹಾಕುಸಿತದ ಕಾಲದ ಜರ್ಮನಿ ಮತ್ತು ಜಪಾನ್; ಎರಡನೇ ಮಹಾಯುದ್ಧ ಮತ್ತು ಯಹೂದಿಗಳ ನರಮೇಧ; ಏಷ್ಯಾ, ಆಫ್ರಿಕಾಗಳ ವಸಾಹತುಗಳ ಬಿಡುಗಡೆ; 1991ರವರೆಗಿನ ಶೀತಲ ಸಮರ. ಬೇರೆ ಆಯ್ಕೆಯೂ ಆಗಬಹುದು. ಆದರೆ ಅರ್ಧದಷ್ಟು ಘಟಕಗಳಲ್ಲಾದರೂ ಯುರೋಪಿನ ಹೊರಗಿನ ಜನ ತಾವೇ ಮಾತಾಡುವಂತಿರಲಿ. ಇಲ್ಲವಾದರೆ ಜಗತ್ತಿನ ಇತಿಹಾಸ ಎಂಬ ಹೆಸರಿನಲ್ಲಿ ಯುರೋಪಿನ ಇತಿಹಾಸ ಕಲಿಸಿದಂತಾಗುತ್ತದೆ.

ಪ್ರತಿ ಘಟಕಕ್ಕೂ ಒಂದೇ ಒಂದು ದೊಡ್ಡ ಪ್ರಶ್ನೆ ಬರೆದುಕೊಳ್ಳಿ. ‘ಶೀತಲ ಸಮರ’ ಎನ್ನುವುದು ವಿಷಯ. ‘1945ರಲ್ಲಿ ಮಿತ್ರರಾಗಿದ್ದವರು 1949ರ ಹೊತ್ತಿಗೆ ಶತ್ರುಗಳಾದದ್ದು ಏಕೆ?’ ಎನ್ನುವುದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬರೆಯಲು ಬೇಕಿಲ್ಲದ ಪಾಠವನ್ನು ಧೈರ್ಯವಾಗಿ ಕೈಬಿಡಬಹುದು.

ಯಾರನ್ನು ಸೇರಿಸಿಕೊಳ್ಳುವುದು

ಹಿಂದಿನ ವರ್ಷದ ಅಂಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಅದು ನೆನಪಿನ ಶಕ್ತಿಯನ್ನು ಅಳೆದ ಅಂಕ. ಒಂದು ಪುಟದ ದಾಖಲೆ ಕೊಟ್ಟು ಅರ್ಧ ಗಂಟೆಯಲ್ಲಿ ಎರಡು ಪ್ರಶ್ನೆಗೆ ಬರೆಸಿ: ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ? ಎರಡನೆಯದಕ್ಕೆ ನಾಲ್ಕು ಸಾಲು ಯೋಚಿಸಿ ಬರೆದ ಮಗು, ಅಂಕ ಕಡಿಮೆಯಿದ್ದರೂ, ಈ ತರಗತಿಗೆ ತಕ್ಕುದು.

ಮೊದಲ ಮೂರು ವಾರ

ಪಠ್ಯಕ್ರಮದ ಪರಿಚಯ, ನಿಯಮ, ಅಂಕಗಳ ಹಂಚಿಕೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಕೊಟ್ಟು ಮನೆಗೆ ಕಳಿಸಿ. ಮೊದಲ ದಿನವೇ, ಮೊದಲ ಮಹಾಯುದ್ಧಕ್ಕೆ ದಾರಿಯಾದ 1914ರ ಜುಲೈ ಬಿಕ್ಕಟ್ಟನ್ನು ಕೈಗೆತ್ತಿಕೊಳ್ಳಿ. ಆರಂಭಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ: ಅವಧಿ ಐದು ವಾರಗಳಷ್ಟೇ, ದಾಖಲೆ ಹೇರಳ, ಹೊಣೆ ಯಾರದು ಎಂಬ ವಾದ ಇನ್ನೂ ಮುಗಿದಿಲ್ಲ.

ತರಗತಿಯನ್ನು ಆರು ಗುಂಪು ಮಾಡಿ: ವಿಯೆನ್ನಾ, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್, ಬೆಲ್‌ಗ್ರೇಡ್. ಪ್ರತಿ ಗುಂಪಿಗೂ ಆರೇಳು ದಾಖಲೆ, ಒಂದೊಂದೂ 15ರಿಂದ 20 ಸಾಲಿಗೆ ಕತ್ತರಿಸಿದ್ದು. ಆಯಾ ರಾಜಧಾನಿಗೆ ಆ ದಿನ ಏನು ಗೊತ್ತಿತ್ತೋ ಅದನ್ನಷ್ಟೇ ಆ ಗುಂಪಿಗೆ ಕೊಡಿ. ಜೂನ್ 28ರಂದು ಸೆರಾಯೆವೊದಲ್ಲಿ ನಡೆದ ಆಸ್ಟ್ರಿಯಾದ ಯುವರಾಜನ ಕೊಲೆಯಿಂದ ಹೊರಡಿ. ಜುಲೈ 5ರಂದು ಬರ್ಲಿನ್ ಆಸ್ಟ್ರಿಯಾಕ್ಕೆ ಕೊಟ್ಟ ಬೆಂಬಲದ ಭರವಸೆ, 23ರ ಸಂಜೆ ಸರ್ಬಿಯಾದ ಕೈಗಿಟ್ಟ 48 ಗಂಟೆಗಳ ಗಡುವಿನ ಪತ್ರ, 25ರ ಸರ್ಬಿಯಾದ ಉತ್ತರ ಹೀಗೆ ದಿನದಿಂದ ದಿನಕ್ಕೆ ಸಾಗಿ. 28ರಂದು ನಿಲ್ಲಿಸಿ, ಅಲ್ಲೊಂದು ಪೂರ್ತಿ ಪಿರಿಯಡ್ ಕೊಡಿ. ಅಂದು ಸರ್ಬಿಯಾದ ಉತ್ತರ ಓದಿದ ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲವೆಂಬ ಅಭಿಪ್ರಾಯ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು. ಮರುದಿನ ರಾತ್ರಿ ರಷ್ಯಾದ ಚಕ್ರವರ್ತಿ ಪೂರ್ಣ ಸೇನಾ ಜಮಾವಣೆಯ ಆದೇಶವನ್ನು ತಡೆಹಿಡಿದ, 30ರಂದು ಮತ್ತೆ ಹೊರಡಿಸಿದ. ಯುದ್ಧ ಆಗಿಯೇ ತೀರುತ್ತಿತ್ತು ಎಂದು ನಂಬಿ ಬಂದ ಮಕ್ಕಳು ಈ ಮೂರು ದಿನಗಳ ಮುಂದೆ ತಡವರಿಸುತ್ತಾರೆ. ಕಾರಣಗಳ ಬಗ್ಗೆ ನಿಜವಾದ ಯೋಚನೆ ಶುರುವಾಗುವುದು ಅಲ್ಲಿಂದ.

ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಮಕ್ಕಳು ಮುಂದೆ ಆಗುವುದೆಲ್ಲ ಗೊತ್ತಿದ್ದವರಂತೆ ಮಾತಾಡುತ್ತಾರೆ: ‘ನಾಲ್ಕು ವರ್ಷದ ಯುದ್ಧ ಅಂತ ಗೊತ್ತಿದ್ದೂ ಹೋದರು’ ಎಂದು. ಪ್ರತಿ ಸಲವೂ ‘ಅದು ಅವರಿಗೆ ಗೊತ್ತಿತ್ತು ಅಂತ ಯಾವ ದಾಖಲೆ ಹೇಳುತ್ತದೆ?’ ಎಂದು ಕೇಳಿ. ಇನ್ನೊಂದು ತಾರೀಕಿನದು. ಆಗ ರಷ್ಯಾದಲ್ಲಿ ಹಳೆಯ ಕ್ಯಾಲೆಂಡರ್ ಬಳಕೆಯಲ್ಲಿದ್ದು 13 ದಿನ ಹಿಂದೆ ಇತ್ತು. ದಾಖಲೆಯ ಮೇಲೆ ಎರಡೂ ತಾರೀಕು ಬರೆಯದಿದ್ದರೆ ಸೇಂಟ್ ಪೀಟರ್ಸ್‌ಬರ್ಗ್ ಗುಂಪು ಇಡೀ ಬಿಕ್ಕಟ್ಟನ್ನು ಅಡಿಮೇಲು ಮಾಡಿಬಿಡುತ್ತದೆ. 1917ರ ಪಾಠದಲ್ಲಿ ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಏಕೆ ಬರುತ್ತದೆ ಎನ್ನುವುದೂ ಇಲ್ಲೇ ಬಗೆಹರಿಯುತ್ತದೆ.

ದಾಖಲೆ ಆರಿಸುವುದು

ಜುಲೈ ಬಿಕ್ಕಟ್ಟಿನ ನಂತರ ದಾಖಲೆಗಳನ್ನು ಜೋಡಿ ಜೋಡಿಯಾಗಿ ಕೊಡಿ, ಒಂಟಿಯಾಗಿ ಬೇಡ. ಮೊದಲ ಮಹಾಯುದ್ಧದ ನಂತರ ಜರ್ಮನಿಯೊಂದಿಗೆ ಆದ ವರ್ಸೇಲ್ಸ್ ಒಪ್ಪಂದದ 231ನೇ ವಿಧಿಯೊಂದನ್ನೇ ಓದಿಸಿದರೆ ನಷ್ಟದ ಹೊಣೆಯೆಲ್ಲ ಜರ್ಮನಿ ಮತ್ತು ಅದರ ಮಿತ್ರರ ತಲೆಗೆ ಎಂದಷ್ಟೇ ಕಾಣುತ್ತದೆ. ಅದರ ಕೆಳಗೇ ಇರುವ 232ನೇ ವಿಧಿ, ಆ ನಷ್ಟವನ್ನು ಪೂರ್ತಿ ತುಂಬಿಕೊಡುವ ಶಕ್ತಿ ಜರ್ಮನಿಗೆ ಇಲ್ಲವೆಂದು ಒಪ್ಪಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಓದಿದ ಮಗು ಒಪ್ಪಂದದ ಬಗ್ಗೆ ಬೇರೆಯದೇ ಪ್ರಬಂಧ ಬರೆಯುತ್ತದೆ.

1946ರ ಮಾರ್ಚ್ 5ರಂದು ಅಮೆರಿಕದ ಫುಲ್ಟನ್‌ನಲ್ಲಿ ಚರ್ಚಿಲ್ ಮಾಡಿದ ಭಾಷಣದ ಜೊತೆಗೆ ಅದೇ ತಿಂಗಳು ಸೋವಿಯತ್ ಪತ್ರಿಕೆ ‘ಪ್ರಾವ್ದಾ’ದಲ್ಲಿ ಬಂದ ಸ್ಟಾಲಿನ್ ಉತ್ತರ ಇಡಿ. ಚರ್ಚಿಲ್ ಆಗ ಪ್ರಧಾನಿಯಾಗಿರಲಿಲ್ಲ, ಆದರೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಸಭೆಯಲ್ಲಿದ್ದರು. ಇವೆರಡನ್ನೂ ಗಮನಿಸದೆ ಆ ಭಾಷಣದ ತೂಕ ಹೇಳಲಾಗದು. ವಸಾಹತು ಘಟಕಕ್ಕೆ 1960ರ ಜೂನ್ 30ರ ಕಾಂಗೋ ಸ್ವಾತಂತ್ರ್ಯ ಸಮಾರಂಭಕ್ಕಿಂತ ಚೆನ್ನಾದ ಜೋಡಿ ಇಲ್ಲ. ಬೆಲ್ಜಿಯಂ ದೊರೆ ಬೌಡೊಯಿನ್ ಕಾಂಗೋವನ್ನು ವಶಪಡಿಸಿಕೊಂಡಿದ್ದ ತನ್ನ ವಂಶದ ಹಿಂದಿನ ದೊರೆ ಎರಡನೇ ಲಿಯೋಪೋಲ್ಡ್‌ನನ್ನು ಹೊಗಳುತ್ತಾನೆ. ಅದೇ ಸಭಾಂಗಣದಲ್ಲಿ ಕಾಂಗೋದ ಹೊಸ ಪ್ರಧಾನಿ ಪಟ್ರೀಸ್ ಲುಮುಂಬಾ ಎದ್ದು ಬಲವಂತದ ದುಡಿಮೆಯನ್ನೂ ದಿನನಿತ್ಯದ ಅವಮಾನಗಳನ್ನೂ ಎಣಿಸುತ್ತಾರೆ.

ಇಂಥ ದಾಖಲೆಗಳಿಗೆ ಹಣ ಕೊಡಬೇಕಿಲ್ಲ. ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್‌ನಲ್ಲಿ ಒಪ್ಪಂದಗಳು, ವಿಲ್ಸನ್ ಸೆಂಟರಿನ ಡಿಜಿಟಲ್ ಆರ್ಕೈವ್‌ನಲ್ಲಿ ಶೀತಲ ಸಮರದ ಕಾಗದಪತ್ರಗಳು ಸಿಗುತ್ತವೆ. ಕತ್ತರಿಸಿದ ಕಡೆ ಚುಕ್ಕಿ ಹಾಕಿ, ಯಾರು, ಯಾರಿಗೆ, ಯಾವಾಗ ಎಂಬುದನ್ನು ತಲೆಬರಹದಲ್ಲೇ ಕೊಡಿ.

ಅಂಕಿಅಂಶವೂ ದಾಖಲೆಯೇ. ನಾಝಿ ಪಕ್ಷದ ಮತಪ್ರಮಾಣವನ್ನು ಬೋರ್ಡಿನ ಮೇಲೆ ಬರೆಯಿರಿ: 1928ರ ಮೇಯಲ್ಲಿ 2.6%, 1930ರ ಸೆಪ್ಟೆಂಬರಿನಲ್ಲಿ 18.3%, 1932ರ ಜುಲೈಯಲ್ಲಿ 37.3%. ಕುಸಿತ ಬಂತು, ನಿರುದ್ಯೋಗ ಏರಿತು, ಹಿಟ್ಲರ್ ಬಂದ ಎಂದು ಮಕ್ಕಳು ತೀರ್ಪು ಕೊಡುತ್ತಾರೆ. ಬಹಳಷ್ಟು ಪಾಠಗಳು ಅಲ್ಲಿಗೇ ನಿಲ್ಲುತ್ತವೆ. ನೀವು ನಾಲ್ಕನೇ ಸಾಲು ಬರೆಯಿರಿ: 1932ರ ನವೆಂಬರ್, 33.1%. ಮತ ಇಳಿದ ಮೇಲೆ, 1933ರ ಜನವರಿ 30ರಂದು, ಅವನು ಚಾನ್ಸೆಲರ್ ಆದದ್ದು ಹೇಗೆ? ಆಗ ಅಧ್ಯಕ್ಷ ಹಿಂಡೆನ್‌ಬರ್ಗ್, ಮಾಜಿ ಚಾನ್ಸೆಲರ್ ಪಾಪೆನ್, ಅವರ ಸುತ್ತಲಿನವರ ಲೆಕ್ಕಾಚಾರಗಳನ್ನು ನೋಡದೆ ವಿಧಿಯಿಲ್ಲ.

ನರಮೇಧದ ಪಾಠ

ಇಲ್ಲಿ ಪಾತ್ರಾಭಿನಯ ಖಂಡಿತ ಬೇಡ. ಯಾವ ಮಗುವನ್ನೂ ಕೊಂದವನ ಜಾಗದಲ್ಲಿಯಾಗಲಿ, ಸಾಯುವವನ ಜಾಗದಲ್ಲಿಯಾಗಲಿ ನಿಲ್ಲಿಸಬಾರದು. ಬೆಚ್ಚಿಬೀಳಿಸುವ ಫೋಟೊಗಳ ಸಾಲು ತೋರಿಸಿದರೂ ಮಕ್ಕಳು ಕಣ್ಣು ತಗ್ಗಿಸುತ್ತಾರೆ, ಯೋಚಿಸುವುದಿಲ್ಲ. ನರಮೇಧವನ್ನು ಹೇಗೆ ನಡೆಸುವುದೆಂದು ನಾಝಿ ಅಧಿಕಾರಿಗಳು ಚರ್ಚಿಸಿದ 1942ರ ಜನವರಿ 20ರ ವಾನ್‌ಜೇ ಸಭೆಯ ನಡಾವಳಿಯಲ್ಲಿರುವ ಪಟ್ಟಿ ಓದಿಸಿ. ದೇಶವಾರು ಯಹೂದಿಗಳ ಸಂಖ್ಯೆ, ಕೊನೆಗೆ ಒಂದು ಕೋಟಿ ಹತ್ತು ಲಕ್ಷ ಮೀರಿದ ಮೊತ್ತ. ಜರ್ಮನಿ ಗೆದ್ದಿರದ ಇಂಗ್ಲೆಂಡ್, ತಟಸ್ಥವಾಗಿದ್ದ ಸ್ವಿಟ್ಜರ್ಲೆಂಡ್, 4,000 ಯಹೂದಿಗಳಿದ್ದ ಐರ್ಲೆಂಡ್ ಕೂಡ ಅದರಲ್ಲಿವೆ. ಕಚೇರಿಯ ಕಾಗದದಂತೆ ಕಾಣುವ ಆ ಪುಟ ಉದ್ದೇಶದ ಅಗಲವನ್ನು ತಾನೇ ತೋರಿಸುತ್ತದೆ. ಮರುದಿನ ಒಬ್ಬ ಬದುಕುಳಿದವರ ಸಾಕ್ಷ್ಯ ಓದಿಸಿ. ಕೊಂದವರ ಕಾಗದಗಳಲ್ಲೇ ಪಾಠ ಮುಗಿಯಕೂಡದು.

ಬರವಣಿಗೆ ಮತ್ತು ಮೌಲ್ಯಮಾಪನ

ಮೊದಲ ಪ್ರಬಂಧ ನಾಲ್ಕನೇ ವಾರ, 40 ನಿಮಿಷ, ಅಂಕವಿಲ್ಲದೆ. ಬಹುತೇಕ ಎಲ್ಲರೂ ‘ಏಕೆ’ ಎಂದು ಕೇಳಿದ ಪ್ರಶ್ನೆಗೆ ‘ಏನಾಯಿತು’ ಎಂದು ಉತ್ತರಿಸಿರುತ್ತಾರೆ. ಇದನ್ನು ಹಿಡಿಯುವ ಸುಲಭ ಪರೀಕ್ಷೆ ಇದೆ: ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಬರೆಸಿ. ‘ಜುಲೈ 23ರಂದು ಆಸ್ಟ್ರಿಯಾ ಗಡುವು ಕೊಟ್ಟಿತು’ ಎಂದಿದ್ದರೆ ಅದು ಕಥೆ. ‘ಬರ್ಲಿನ್ನಿನ ಭರವಸೆ ಇಲ್ಲದಿದ್ದರೆ ಆಸ್ಟ್ರಿಯಾ ಅಷ್ಟು ಕಠಿಣ ಗಡುವು ಕೊಡುತ್ತಿರಲಿಲ್ಲ’ ಎಂದಿದ್ದರೆ ಅದು ವಾದ. ಅದನ್ನು ದಾಖಲೆಯಿಂದ ಸಾಧಿಸಬಹುದು, ಅಲ್ಲಗಳೆಯಲೂಬಹುದು.

25 ಮಕ್ಕಳ ಪ್ರಬಂಧಕ್ಕೆ ತಲಾ 12 ನಿಮಿಷ ಎಂದರೂ ಐದು ಗಂಟೆ ಬೇಕು. ಪ್ರತಿ ವಾರ ಪೂರ್ತಿ ಪ್ರಬಂಧ ಬರೆಸಿದರೆ ಕಾಗದಗಳು ಮೂರು ವಾರ ತಡವಾಗಿ ಹಿಂದಿರುಗುತ್ತವೆ, ಅಷ್ಟರಲ್ಲಿ ಮಕ್ಕಳು ಬರೆದದ್ದನ್ನೇ ಮರೆತಿರುತ್ತಾರೆ. ಪೂರ್ತಿ ಪ್ರಬಂಧ ಘಟಕಕ್ಕೆ ಎರಡು ಸಾಕು. ನಡುವೆ ಒಂದೊಂದೇ ಪ್ಯಾರಾ ಬರೆಸಿ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ.

ಪಾಠ ಹಿಂದೆ ಬಿದ್ದೇ ಬೀಳುತ್ತದೆ. ಆಗ ಕಳೆದುಹೋದ ಪಿರಿಯಡ್‌ಗಳನ್ನು ಅದೇ ಘಟಕದಿಂದ ಕತ್ತರಿಸಿ, ಮುಂದಿನದರಿಂದ ಎರವಲು ತರಬೇಡಿ. ಘಟಕ ಮುಗಿಯುವ ತಾರೀಕು ಜಗ್ಗಬಾರದು. ಹಾಗೆ ಬಿಗಿಹಿಡಿದರೆ ಮಾತ್ರ ಕೊನೆಯ ಹದಿನಾರು ಪಿರಿಯಡ್ ಪೂರ್ತಿಯಾಗಿ ಶೀತಲ ಸಮರಕ್ಕೆ ಸಿಗುತ್ತವೆ, ಬರ್ಲಿನ್ ಗೋಡೆ ಬಿದ್ದ 1989ರ ನವೆಂಬರ್ 9ಕ್ಕೂ ಸೋವಿಯತ್ ಒಕ್ಕೂಟ ಮುಗಿದ 1991ರ ಡಿಸೆಂಬರಿಗೂ ತಲಾ ಎರಡು ಪಿರಿಯಡ್ ಕೊಡಬಹುದು.